ನಿನ್ನ ಬೆರಳು ಸರಿಯಾಗೇ ಇದೆ, ಗಿಟಾರ್ ಅಳೆದು ನೋಡು

ಪೋಸ್ಟ್ 1

ಫೋಟೋದಲ್ಲಿ ಕಾಣ್ತಿರೋ ನೀಲಿ ಗಿಟಾರ್ ನಂದಲ್ಲ. ದುಡ್ಡು ಕೊಟ್ಟಿದ್ದು ನಾನೇ, ಆದ್ರೂ ನಂದಲ್ಲ. ಯಾಕೆ ಅಂತ ಕೊನೇ ಪೋಸ್ಟಲ್ಲಿ ಹೇಳ್ತೀನಿ. ಹಿಂದೆ ಕಾಣ್ತಿರೋದು ಬೆಟ್ಟ ಅಲ್ಲ, ನಮ್ಮೂರ ಸೈನೈಡ್ ದಿಬ್ಬ. (ಕೆಜಿಎಫ್ ಅಂದ ತಕ್ಷಣ "ರಾಕಿ ಭಾಯ್ ಮನೆ ಎಲ್ಲಿ ಗುರು" ಅಂತ ಡಿಎಂ ಮಾಡೋರು ಈ ಸಲ ದಯವಿಟ್ಟು ಸುಮ್ನಿರಿ.)

ವಿಷ್ಯ ಇಷ್ಟು. ನಮ್ಮ ಕ್ಲಾಸಿನ ಒಬ್ಬಳು ಎರಡು ವರ್ಷ ಚಿಕ್ಕ ಮಕ್ಕಳಿಗೆ ಟ್ಯೂಷನ್ ಹೇಳಿ ಕೂಡಿಟ್ಟ ದುಡ್ಡಲ್ಲಿ, 9,500 ಕೊಟ್ಟು, ಈ ಎಲೆಕ್ಟ್ರಿಕ್ ಗಿಟಾರ್ ತಗೊಂಡ್ಳು. ಏಳು ತಿಂಗಳು ಬಿಡದೆ ಕಲಿತಳು. ಎಫ್ ಕಾರ್ಡ್ ಮಾತ್ರ ಬರ್ಲೇ ಇಲ್ಲ. ಕಲಿಸೋರು ಹೇಳಿದ್ದು, "ನಿನ್ನ ಬೆರಳು ಚಿಕ್ಕದಮ್ಮ, ಯುಕುಲೇಲಿ ತಗೊಂಡುಬಿಡು." ಮನೇಲಿ ಹೇಳಿದ್ದು, "ನಾವು ಮೊದ್ಲೇ ಬೇಡ ಅನ್ಲಿಲ್ವಾ?" ಗೆಳೆಯರು ಹೇಳಿದ್ದು, "ಬೆರಳು ಗಟ್ಟಿ ಆಗ್ಬೇಕು ಕಣೇ, ನೋವು ತಡ್ಕೋ." ಆ ಗೆಳೆಯರಲ್ಲಿ ನಾನೂ ಒಬ್ಬ.

ಒಂದಿನ ಅವಳ ವಾಟ್ಸಾಪ್ ಸ್ಟೇಟಸ್‌ನಲ್ಲಿ ಗಿಟಾರ್ ಫೋಟೋ ಬಂತು. ಕೆಳಗೆ "ಮಾರಾಟಕ್ಕಿದೆ" ಅಂತ. ನಾನು ಚೌಕಾಸಿ ಮಾಡಿ 4,500 ಅಂದಿದ್ದನ್ನ 4,000ಕ್ಕೆ ಇಳಿಸಿ ತಗೊಂಡೆ. ಬಂಗಾರಪೇಟೆ ಸ್ಟೇಷನ್ ಪ್ಲಾಟ್‌ಫಾರ್ಮ್ ಮೇಲೆ ಬ್ಯಾಗ್ ಕೈಗೆ ಕೊಟ್ಟು, "ನಂಗೆ ಇದು ಆಗಿಬರಲ್ಲ ಬಿಡೋ" ಅಂದ್ಳು.

ಅವತ್ತು ರಾತ್ರಿ ಮನೇಲಿ ಆ ಗಿಟಾರನ್ನ ಸ್ಕೇಲ್ ಹಿಡಿದು ಅಳೆದೆ. ಅಳೆದ ಮೇಲೆ ನಿದ್ದೆ ಬರ್ಲಿಲ್ಲ. ಅವಳ ಬೆರಳಲ್ಲಿ ಯಾವ ದೋಷನೂ ಇರ್ಲಿಲ್ಲ. ಏಳು ತಿಂಗಳು ಅವಳು ನುಡಿಸಿದ್ದು ಗಿಟಾರಲ್ಲ, ಬಟ್ಟೆ ಒಣಗಹಾಕೋ ತಂತಿ.

ಪೋಸ್ಟ್ 2

ಗಿಟಾರ್ ಗೊತ್ತಿಲ್ದೋರಿಗೆ ಎರಡು ಮಾತು. ತಂತಿಗೂ ಅದರ ಕೆಳಗಿರೋ ಫ್ರೆಟ್‌ಗೂ (ಅಡ್ಡಡ್ಡ ಇರುತ್ತಲ್ಲ ಲೋಹದ ಪಟ್ಟಿ, ಅದು) ನಡುವೆ ಇರೋ ಎತ್ತರಕ್ಕೆ ಆಕ್ಷನ್ ಅಂತಾರೆ. ಎತ್ತರ ಜಾಸ್ತಿ ಇದ್ರೆ ಜಾಸ್ತಿ ಒತ್ತಬೇಕು. ಕಮ್ಮಿ ಇದ್ರೆ ಬೆರಳು ಇಟ್ಟರೆ ಸಾಕು, ಸ್ವರ ಬರುತ್ತೆ. ಅತೀ ಕಮ್ಮಿ ಆದ್ರೆ ತಂತಿ ಫ್ರೆಟ್‌ಗೆ ಬಡಿದು ಗುರ್ರ್ ಅನ್ನುತ್ತೆ. ಇಡೀ ಆಟ ಇರೋದು ಒಂದೂವರೆ ಮಿಲಿಮೀಟರ್ ಒಳಗೆ.

ಅವಳ ಗಿಟಾರ್‌ನಲ್ಲಿ 12ನೇ ಫ್ರೆಟ್ ಹತ್ರ ದಪ್ಪ ತಂತಿಯ ಎತ್ತರ 3.2 ಮಿಮೀ. ತೆಳು ತಂತಿ 2.8. ಸಾಮಾನ್ಯವಾಗಿ ಎಷ್ಟಿರಬೇಕು? ಫೆಂಡರ್ ಕಂಪನಿ ತನ್ನ ಸೆಟಪ್ ಗೈಡ್‌ನಲ್ಲಿ ಲೆಕ್ಕ ಬರೆದೇ ಇಟ್ಟಿದೆ. 9.5ರಿಂದ 12 ಇಂಚು ರೇಡಿಯಸ್ ಇರೋ ನೆಕ್ ಆದ್ರೆ, 17ನೇ ಫ್ರೆಟ್ ಹತ್ರ ಎರಡೂ ಕಡೆ 4/64 ಇಂಚು, ಅಂದ್ರೆ ಸುಮಾರು 1.6 ಮಿಮೀ. ಇದು ಗುಟ್ಟಲ್ಲ, ಯಾರು ಬೇಕಾದ್ರೂ ಓದಬಹುದು. 3.2ಕ್ಕೂ ಇದಕ್ಕೂ ಎಷ್ಟು ದೂರ ನೋಡಿ. ಇದನ್ನೇ ಇಟ್ಕೊಂಡು ಒಂದು ಹುಡುಗಿಗೆ ಏಳು ತಿಂಗಳು "ನಿನ್ನ ಬೆರಳು ಚಿಕ್ಕದು" ಅಂದ್ವಿ.

ಇನ್ನೊಂದು ವಿಷ್ಯ ಯಾರೂ ಹೇಳಲ್ಲ. ತಂತಿ ಎತ್ತರ ಇದ್ರೆ ನೋವಷ್ಟೇ ಅಲ್ಲ, ಅಪಸ್ವರನೂ ಬರುತ್ತೆ. ಒತ್ತಿದಾಗ ತಂತಿ ಜಾಸ್ತಿ ಎಳೆಯುತ್ತೆ, ಎಳೆದ್ರೆ ಶ್ರುತಿ ಮೇಲಕ್ಕೆ ಹೋಗುತ್ತೆ. ಅವಳು ಟ್ಯೂನರ್ ಇಟ್ಕೊಂಡು ಆರೂ ತಂತಿ ಸರಿ ಮಾಡಿ ಕಾರ್ಡ್ ಹಿಡಿದ್ರೂ ಕಿವಿಗೆ ಕೆಟ್ಟದಾಗಿ ಕೇಳೋದು. ಅದಕ್ಕೆ "ನಿಂಗೆ ಕಿವಿನೂ ಸರಿ ಇಲ್ಲ" ಅಂತ ಇನ್ನೊಂದು ಸರ್ಟಿಫಿಕೇಟ್ ಸಿಕ್ಕಿತ್ತು. ಕಿವಿ ಸರಿ ಇದ್ದಿದ್ದಕ್ಕೇ ಅವಳಿಗೆ ಅದು ಕೆಟ್ಟದಾಗಿ ಕೇಳ್ತಿತ್ತು ಮಾರಾಯ್ರೆ!

ಪೋಸ್ಟ್ 3

ಈಗ ಜಗಳ ಶುರು.

"ಬೆರಳಲ್ಲಿ ರಕ್ತ ಬಂದ್ರೇನೇ ಗಿಟಾರಿಸ್ಟ್" ಅನ್ನೋ ಪಂಗಡ ಒಂದಿದೆ. ನಿಮ್ಮ ಕಾಲೇಜಲ್ಲೂ ಇರ್ತಾರೆ. ಫೆಸ್ಟ್ ದಿನ ಕಪ್ಪು ಟೀಶರ್ಟ್ ಹಾಕ್ಕೊಂಡು ಬರ್ತಾರೆ. ಅವರಿಗೆ ನೋವು ಅಂದ್ರೆ ವ್ರತ. ನೀನು ನೋವು ಅಂದ್ರೆ "ನಾವೂ ಪಟ್ಟಿದೀವಿ" ಅಂತಾರೆ. ನೀವು ಪಟ್ಟಿದ್ರೆ ಅದು ನಿಮ್ಮ ಗಿಟಾರ್‌ನಲ್ಲೂ ಇದ್ದ ತಪ್ಪು. ಅದನ್ನ ಮುಂದಿನೋರಿಗೆ ಆಸ್ತಿ ಥರ ಯಾಕೆ ಬರೆದುಕೊಡ್ತೀರ?

ಒಂದು ಒಪ್ಕೊಳ್ತೀನಿ. ಎಷ್ಟೇ ಚೆನ್ನಾಗಿ ಸೆಟಪ್ ಮಾಡಿದ ಗಿಟಾರ್ ಆದ್ರೂ ಮೊದಲ ಕೆಲವು ವಾರ ಬೆರಳ ತುದಿ ಉರಿಯುತ್ತೆ. ಚರ್ಮ ಗಟ್ಟಿಯಾಗೋಕೆ ಟೈಮ್ ಬೇಕು. ನಮ್ಮ ಬಿಕಾಂನೋರಿಗೆ ಇದು ಸುಲಭವಾಗಿ ಅರ್ಥ ಆಗುತ್ತೆ. ಕಾಸ್ಟ್ ಅಕೌಂಟಿಂಗ್‌ನಲ್ಲಿ ನಾರ್ಮಲ್ ಲಾಸ್ ಅಂತ ಒಂದು, ಅಬ್‌ನಾರ್ಮಲ್ ಲಾಸ್ ಅಂತ ಇನ್ನೊಂದು ಓದಿದೀವಲ್ಲ. ಮೊದಲನೇದು ಕೆಲಸದ ಜೊತೆಗೇ ಬರೋದು, ತಪ್ಪಿಸೋಕಾಗಲ್ಲ. ಎರಡನೇದು ಯಾರದ್ದೋ ಅಜಾಗರೂಕತೆಯಿಂದ ಆಗೋದು, ಅದನ್ನ ಬೇರೆ ಖಾತೆಗೆ ಹಾಕಿ ಯಾಕಾಯ್ತು ಅಂತ ಕೇಳ್ಬೇಕು. ಮೂರು ವಾರದ ಉರಿ ನಾರ್ಮಲ್ ಲಾಸ್. ಏಳು ತಿಂಗಳ ನೋವು ಅಬ್‌ನಾರ್ಮಲ್. ಇವರು ಎರಡನ್ನೂ ಒಂದೇ ಖಾತೆಗೆ ಹಾಕಿ "ಸಾಧನೆ" ಅಂತ ಹೆಡಿಂಗ್ ಕೊಟ್ಟಿದಾರೆ.

ಇವರ ಬಾಯಲ್ಲಿ ಯಾವಾಗ್ಲೂ ಬರೋ ಹೆಸರು ಸ್ಟೀವಿ ರೇ ವಾನ್. "ಅವನು 13ರ ದಪ್ಪ ತಂತಿ ಹಾಕ್ತಿದ್ದ ಮಗಾ!" ಹೌದು, ಹಾಕ್ತಿದ್ದ. ಗಿಟಾರನ್ನ ಅರ್ಧ ಸ್ವರ ಕೆಳಗೆ ಶ್ರುತಿ ಮಾಡ್ಕೊಳ್ತಿದ್ದ ಅನ್ನೋದನ್ನ ಯಾಕೆ ನುಂಗ್ತೀರ? ಶ್ರುತಿ ಇಳಿಸಿದ್ರೆ ತಂತಿ ಬಿಗಿತ ಕಮ್ಮಿ ಆಗುತ್ತೆ.

ನಾನು ಬೇರೆ ಹೆಸರು ಹೇಳ್ತೀನಿ. ಟೋನಿ ಅಯೋಮಿ, ಬ್ಲ್ಯಾಕ್ ಸಬ್ಬತ್ ಬ್ಯಾಂಡಿನ ಗಿಟಾರಿಸ್ಟ್. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್, ಕಾರ್ಖಾನೆಗಳ ಊರು. 17ನೇ ವಯಸ್ಸಲ್ಲಿ ಶೀಟ್ ಮೆಟಲ್ ಫ್ಯಾಕ್ಟರೀಲಿ ಕೆಲಸ ಮಾಡುವಾಗ ಮೆಷಿನ್‌ಗೆ ಸಿಕ್ಕಿ ಬಲಗೈಯ ಎರಡು ಬೆರಳ ತುದಿ ಹೋಯ್ತು. ಅವರು ಎಡಚರು, ಫ್ರೆಟ್ ಒತ್ತೋ ಕೈ ಅದೇ. ಆಮೇಲೆ ಏನ್ ಮಾಡಿದ್ರು? ಪ್ಲಾಸ್ಟಿಕ್ ಬಾಟಲ್ ಕರಗಿಸಿ ಬೆರಳಿಗೆ ಟೋಪಿ ಮಾಡ್ಕೊಂಡ್ರು. ತೆಳು ತಂತಿ ಹುಡುಕಿದ್ರು, ಸಿಗದೇ ಇದ್ದಾಗ ಬ್ಯಾಂಜೋ ತಂತಿ ಹಾಕಿದ್ರು. ಮುಂದೆ ಶ್ರುತಿನೂ ಇಳಿಸಿದ್ರು. ಇಡೀ ಹೆವಿ ಮೆಟಲ್‌ನ ಆ ಭಾರದ ಸದ್ದು ಹುಟ್ಟಿದ್ರಲ್ಲಿ ಇದರ ಪಾಲು ದೊಡ್ಡದು. ಕೈಗೆ ತಕ್ಕ ಹಾಗೆ ಗಿಟಾರನ್ನ ಬಗ್ಗಿಸಿದ ಮನುಷ್ಯ. ಅವರ ಪೋಸ್ಟರ್ ಗೋಡೆಗೆ ಅಂಟಿಸ್ಕೊಂಡು, ಪಕ್ಕದಲ್ಲಿ ಕೂತ ಹುಡುಗಿಗೆ "ನಿನ್ನ ಕೈ ಸರಿ ಇಲ್ಲ" ಅಂತೀರಲ್ಲ, ಏನನ್ನಬೇಕು ನಿಮಗೆ?

ಪೋಸ್ಟ್ 4

"ಹಾಗಾದ್ರೆ ಅಂಗಡಿಯೋರೇ ಸರಿ ಮಾಡಿ ಕೊಡ್ಬೇಕಲ್ವಾ?" ಅಂತ ಕಾಮೆಂಟಲ್ಲಿ ಕೇಳಿದಾರೆ. ಕೊಡ್ಬೇಕು. ಅವಳಿಗೆ ಗಿಟಾರ್ ಮಾರಿದೋರು "ಫುಲ್ ಸೆಟಪ್ ಮಾಡಿದೀವಿ" ಅಂದಿದ್ರಂತೆ. ಮಾಡಿದ್ದು ಟ್ಯೂನ್, ಒರೆಸಿದ್ದು ಧೂಳು. ಅಂಗಡಿ ಹೆಸರು ಹಾಕಲ್ಲ, ಕೇಳ್ಬೇಡಿ.

ಕಮ್ಮಿ ರೇಟಿನ ಗಿಟಾರ್ ಫ್ಯಾಕ್ಟರಿಯಿಂದ ಎತ್ತರದ ತಂತಿ ಇಟ್ಕೊಂಡೇ ಬರೋದಕ್ಕೆ ಕಾರಣ ಇದೆ. ಎತ್ತರ ಇದ್ರೆ ಫ್ರೆಟ್ ಅಲ್ಪಸ್ವಲ್ಪ ಏರುಪೇರು ಇದ್ರೂ ಗುರ್ರ್ ಅನ್ನಲ್ಲ, ಗಿರಾಕಿ ವಾಪಸ್ ತರಲ್ಲ. ತಂತಿ ಕೂರೋ ನಟ್‌ನ ಕಚ್ಚುಗಳನ್ನೂ ಮೇಲ್ಮೇಲೇ ಕೊರೆದು ಬಿಟ್ಟಿರ್ತಾರೆ. ಆಳ ಆದ್ರೆ ತಿದ್ದೋಕಾಗಲ್ಲ, ಮೇಲೆ ಇದ್ರೆ ಮುಂದೆ ಯಾರಾದ್ರೂ ಇಳಿಸ್ಕೊಳ್ತಾರೆ ಅಂತ. ಆ "ಯಾರಾದ್ರೂ" ಅಂಗಡಿಯೋರು ಆಗ್ಬೇಕಿತ್ತು. ಅವರು ಆಗ್ಲಿಲ್ಲ ಅಂದ್ರೆ ನೀನೇ ಆಗ್ಬೇಕು.

ದುಡ್ಡು ಕೊಡೋಕೆ ಮುಂಚೆ ಜೇಬಿಂದ ಸ್ಕೇಲ್ ತೆಗೆದು 12ನೇ ಫ್ರೆಟ್ ಹತ್ರ ಹಿಡೀರಿ. ನಗ್ತಾರೆ, ನಗ್ಲಿ. ಚಿನ್ನ ತಗೊಳ್ಳುವಾಗ ತೂಕ ನೋಡಲ್ವಾ? ಅದೂ ನಮ್ಮೂರಿನೋರು!

ಪೋಸ್ಟ್ 5

ಇನ್ನೊಂದು ಪಂಗಡ ಇದೆ. ನಾನು ಹೋದ ವರ್ಷ ಅದರಲ್ಲೇ ಇದ್ದೆ, ಅದಕ್ಕೇ ಅವರ ಮೇಲೆ ಸಿಟ್ಟು ಒಂದು ಕೈ ಜಾಸ್ತಿ.

ಇವರು ರೀಲ್ಸ್ ನೋಡೋರು. "ನಂದು 1 ಮಿಮೀ." "ನಂದು 0.8." ಬೈಕ್ ಮೈಲೇಜ್ ಹೇಳೋ ಹಾಗೆ ಹೇಳ್ತಾರೆ. ನಾನೂ ನನ್ನ ಹಳೇ ಗಿಟಾರ್‌ನ ಸ್ಯಾಡಲ್ ಸ್ಕ್ರೂಗಳನ್ನ ಅಲನ್ ಕೀ ಹಾಕಿ ಇಳಿಸ್ತಾ ಇಳಿಸ್ತಾ ಪೂರ್ತಿ ಕೆಳಗೆ ಕೂರಿಸಿಬಿಟ್ಟೆ. ಮುಟ್ಟೋಕೆ ಬೆಣ್ಣೆ. ಆಂಪ್‌ಗೆ ಹಾಕಿದ್ರೆ ಡಬ್ಬದಲ್ಲಿ ಜೀರುಂಡೆ. 15ನೇ ಫ್ರೆಟ್ ಹತ್ರ ತಂತಿ ಬೆಂಡ್ ಮಾಡಿದ್ರೆ ಸ್ವರ ಅರ್ಧದಲ್ಲೇ ಸತ್ತುಹೋಗೋದು. "ತಂತಿ ಸರಿ ಇಲ್ಲ" ಅಂತ ಹೊಸ ಸೆಟ್ ತಂದೆ. "ಆಂಪ್ ಸರಿ ಇಲ್ಲ" ಅಂದೆ. ಕೊನೆಗೆ "ಗಿಟಾರೇ ಸರಿ ಇಲ್ಲ" ಅಂದೆ. ಅವಳು ಬೆರಳನ್ನ ಬೈಕೊಂಡ್ಳು, ನಾನು ಗಿಟಾರನ್ನ ಬೈದೆ. ಇಬ್ರೂ ಒಂದು ಸಲನೂ ಅಳೀಲಿಲ್ಲ.

ಯಾಕೆ ಹಾಗಾಯ್ತು? ತಂತಿ ಮೀಟಿದಾಗ ಅದು ನೇರ ಗೆರೆ ಆಗಿ ಇರಲ್ಲ, ಹೊಟ್ಟೆ ಉಬ್ಬಿಸ್ಕೊಂಡು ಅಲ್ಲಾಡುತ್ತೆ. ನಡುವೆ ಜಾಸ್ತಿ, ತುದೀಲಿ ಕಮ್ಮಿ. ಆ ಅಲ್ಲಾಟಕ್ಕೆ ಜಾಗ ಬೇಕು. ದಪ್ಪ ತಂತಿಗೆ ಜಾಸ್ತಿ ಜಾಗ, ತೆಳು ತಂತಿಗೆ ಕಮ್ಮಿ. ಜೋರಾಗಿ ಸ್ಟ್ರಮ್ ಮಾಡೋನಿಗೆ ಜಾಸ್ತಿ, ಮೃದುವಾಗಿ ನುಡಿಸೋನಿಗೆ ಕಮ್ಮಿ. ಫ್ರೆಟ್‌ಬೋರ್ಡ್ ಬಾಗು ಜಾಸ್ತಿ ಇರೋ ಹಳೇ ಫೆಂಡರ್ ಥರದ 7.25 ಇಂಚು ರೇಡಿಯಸ್ ನೆಕ್ ಆದ್ರೆ, ತೀರಾ ಕೆಳಗಿಳಿಸಿ ಬೆಂಡ್ ಮಾಡಿದ ತಕ್ಷಣ ತಂತಿ ಮುಂದಿನ ಫ್ರೆಟ್‌ಗೆ ತಾಗುತ್ತೆ. ರೀಲ್ಸಲ್ಲಿ 0.8 ಅಂದೋನ ಫ್ರೆಟ್‌ಗಳು ಒಂದೇ ಮಟ್ಟಕ್ಕೆ ಉಜ್ಜಿಸಿರೋವು, ಅವನ ಕೈ ಹಗುರ, ಸದ್ದೂ ಎಡಿಟ್ ಆಗಿರುತ್ತೆ. ಅವನ ನಂಬರ್ ಕಟ್ಕೊಂಡು ನೀನೇನು ಮಾಡ್ತೀಯ?

ನಿನ್ನ ಫ್ರೆಟ್ ಏರುಪೇರು ಇದ್ಯಾ ಅಂತ ನೋಡೋಕೆ ಎಟಿಎಂ ಕಾರ್ಡ್ ಸಾಕು. ಅದರ ನೇರವಾದ ಅಂಚನ್ನ ಮೂರು ಫ್ರೆಟ್ ಮೇಲೆ ನಿಲ್ಲಿಸಿ ಅಲ್ಲಾಡಿಸು. ಟಕ್‌ಟಕ್ ಅಂತ ತೂಗಿದ್ರೆ ನಡುವಿನ ಫ್ರೆಟ್ ಎತ್ತರ ಇದೆ. ಅದು ರಿಪೇರಿ ಮಾಡೋರ ಕೆಲಸ, ನೀನು ಅರ ಹಿಡ್ಕೊಂಡು ಕೂರ್ಬೇಡ. (ಅಕೌಂಟಲ್ಲಿ ಬ್ಯಾಲೆನ್ಸ್ ಇಲ್ದಿದ್ರೂ ಕಾರ್ಡ್ ಉಪಯೋಗಕ್ಕೆ ಬರೋದು ಇಲ್ಲಿ ಮಾತ್ರ.)

ಪೋಸ್ಟ್ 6

ಈ ಪೋಸ್ಟಿನ ಹೀರೋ ನಮ್ಮ ತಾತ.

ತಾತ ಚಿನ್ನದ ಗಣೀಲಿ ಫಿಟ್ಟರ್ ಆಗಿದ್ರು. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ತು. ನಾನಾಗ ಹುಟ್ಟೇ ಇರ್ಲಿಲ್ಲ. ಮೂರು ಕಿಲೋಮೀಟರ್‌ಗೂ ಆಳಕ್ಕೆ ಜನಾನ ಇಳಿಸಿ, ಮೇಲೆ ತಂದ ಊರು ಇದು. ಅಲ್ಲಿ ಮೆಷಿನ್ ನೋಡ್ಕೊಂಡೋರಿಗೆ "ಸುಮಾರಾಗಿದೆ ಬಿಡು" ಅನ್ನೋ ಮಾತು ಬರಲ್ಲ. ತಾತನ ಬಿಸ್ಕತ್ ಡಬ್ಬದಲ್ಲಿ ಇವತ್ತಿಗೂ ಒಂದು ಫೀಲರ್ ಗೇಜ್ ಇದೆ. ಮೆಕ್ಯಾನಿಕ್‌ಗಳು ಟ್ಯಾಪೆಟ್ ಸೆಟ್ ಮಾಡ್ತಾರಲ್ಲ, ಬೀಸಣಿಗೆ ಥರ ಬಿಚ್ಚಿಕೊಳ್ಳೋ ಉಕ್ಕಿನ ಎಲೆಗಳು, ಅದೇ. ಎಣ್ಣೆ ಹಚ್ಚಿ ಬಟ್ಟೇಲಿ ಸುತ್ತಿ ಇಟ್ಟಿದಾರೆ.

ನಾನು ಸ್ಯಾಡಲ್ ಸ್ಕ್ರೂಗೆ ಕೈ ಹಾಕಿದ್ದನ್ನ ನೋಡಿ ತಾತ, "ಏನಪ್ಪ, ಅಳೀದೇ ತಿರುಗಿಸ್ತೀಯ?" ಅಂದ್ರು. ಗಿಟಾರ್ ಬಗ್ಗೆ ಅವರಿಗೆ ಏನೂ ಗೊತ್ತಿಲ್ಲ. ಆದ್ರೆ ಕೇಳಿದ ಮೊದಲ ಪ್ರಶ್ನೆ ಇದು: "ಈ ಕಟ್ಟಿಗೆ ನೆಟ್ಟಗಿದ್ಯಾ?"

ಎಲ್ಲರೂ ಬಿಟ್ಟುಬಿಡೋ ಪ್ರಶ್ನೆ ಅದೇ. ಗಿಟಾರ್‌ನ ನೆಕ್ ಮರ. ತಂತಿಗಳು ಅದನ್ನ ದಿನವಿಡೀ ಮುಂದಕ್ಕೆ ಎಳೀತಾ ಇರ್ತವೆ. ಬೇಸಿಗೆ ಕಳೆದು ಮಳೆ ಬಂದ್ರೆ, ಮಳೆ ಹೋಗಿ ಚಳಿ ಬಂದ್ರೆ, ಮರ ಕದಲುತ್ತೆ. ಅದಕ್ಕೇ ನೆಕ್ ಒಳಗೆ ಟ್ರಸ್ ರಾಡ್ ಅನ್ನೋ ಉಕ್ಕಿನ ಸರಳು ಇರುತ್ತೆ. ಗಿಬ್ಸನ್ ಕಂಪನೀಲಿದ್ದ ಥ್ಯಾಡಿಯಸ್ ಮೆಕ್‌ಹ್ಯೂ ಅನ್ನೋರಿಗೆ 1923ರಲ್ಲಿ ಅದರ ಪೇಟೆಂಟ್ ಸಿಕ್ತು. ನೂರು ವರ್ಷದ ಹಿಂದೇನೇ ಬಗೆಹರಿದ ಸಮಸ್ಯೆಗೆ ನಾವು ಇನ್ನೂ ಬೆರಳು ಬಲಿ ಕೊಡ್ತಿದೀವಿ.

ಅಳೆಯೋದು ಹೀಗೆ. ತಂತಿ ಹೊಸದಿರಲಿ, ಟ್ಯೂನ್ ಆಗಿರಲಿ. ಮೊದಲನೇ ಫ್ರೆಟ್‌ಗೆ ಕೇಪೋ ಹಾಕು. ದಪ್ಪ ತಂತಿಯನ್ನ ಕೊನೇ ಫ್ರೆಟ್ ಹತ್ರ ಒತ್ತಿ ಹಿಡಿ. ಈಗ ತಂತಿನೇ ನಿನ್ನ ನೇರ ಸ್ಕೇಲ್. 8ನೇ ಫ್ರೆಟ್ ಹತ್ರ ತಂತಿಗೂ ಫ್ರೆಟ್‌ಗೂ ನಡುವೆ ಫೀಲರ್ ಗೇಜ್ ತೂರಿಸು. ಇದಕ್ಕೆ ರಿಲೀಫ್ ಅಂತಾರೆ. ಆ ಫೆಂಡರ್ ಗೈಡಲ್ಲಿ ಇದಕ್ಕೆ ಬರೆದಿರೋದು 0.010 ಇಂಚು, ಸುಮಾರು ಕಾಲು ಮಿಲಿಮೀಟರ್. ತಾತನ ಭಾಷೇಲಿ ಹತ್ತು ಥೌ. ಆ ನಂಬರ್ ಕೇಳಿ ತಾತ ನಕ್ಕು, "ಇಷ್ಟೇನಾ? ನಮ್ಗಿದು ದಿನಾ ಕೆಲಸ" ಅಂದ್ರು.

ಅವಳ ಗಿಟಾರ್‌ನಲ್ಲಿ ಎಷ್ಟಿತ್ತು ಗೊತ್ತಾ? ಇಪ್ಪತ್ತೆಂಟು ಥೌ. ನೆಕ್ ಬಿಲ್ಲಿನ ಹಾಗೆ ಬಾಗಿತ್ತು.

ಟ್ರಸ್ ರಾಡ್ ನಟ್ಟನ್ನ ಬಲಕ್ಕೆ ತಿರುಗಿಸಿದ್ರೆ ಬಿಗಿಯಾಗಿ ನೆಕ್ ನೆಟ್ಟಗಾಗುತ್ತೆ, ಎಡಕ್ಕೆ ತಿರುಗಿಸಿದ್ರೆ ಸಡಿಲ ಆಗಿ ಬಾಗುತ್ತೆ. ಒಂದು ಸಲಕ್ಕೆ ಕಾಲು ಸುತ್ತಿಗಿಂತ ಜಾಸ್ತಿ ಬೇಡ. ಆಮೇಲೆ ಟ್ಯೂನ್ ಮಾಡು, ಮತ್ತೆ ಅಳೆ. ಗಟ್ಟಿ ಇದ್ರೆ ಬಲ ಹಾಕ್ಬೇಡ, ಗೊತ್ತಿರೋರ ಹತ್ರ ಹೋಗು. ನಾನು ಮೂರು ಸಂಜೆ ತಗೊಂಡೆ. ಎರಡನೇ ಸಂಜೆ ಕರೆಂಟ್ ಹೋಯ್ತು. (1902ರಲ್ಲೇ ಶಿವನಸಮುದ್ರದಿಂದ ಕರೆಂಟ್ ತರಿಸ್ಕೊಂಡ ಊರು ಸ್ವಾಮಿ ನಮ್ದು!) ತಾತ ಟಾರ್ಚ್ ಹಿಡ್ಕೊಂಡು ಕೂತ್ರು. ಹತ್ತು ಥೌಗೆ ಬಂದಾಗ ಸ್ಯಾಡಲ್ ಮುಟ್ಟದೇನೇ 3.2 ಇದ್ದ ಎತ್ತರ 2.8ಕ್ಕೆ ಇಳಿದಿತ್ತು.

ಪೋಸ್ಟ್ 7

ಇವತ್ತು ಬರೀ ಎಫ್ ಕಾರ್ಡ್ ಬಗ್ಗೆ. ಎಷ್ಟು ಜನ ಗಿಟಾರ್ ಬಿಟ್ಟಿರೋದು ಈ ಒಂದು ಕಾರ್ಡ್ ದೆಸೆಯಿಂದ! ತೋರುಬೆರಳನ್ನ ಮೊದಲನೇ ಫ್ರೆಟ್‌ನಲ್ಲಿ ಮಲಗಿಸಿ ಆರೂ ತಂತಿ ಒತ್ತಬೇಕು. ಒತ್ತಕ್ಕಾಗಲ್ಲ. ಆಗ ಎಲ್ಲರೂ ಮಾಡೋದೇನು? ಬ್ರಿಡ್ಜ್ ಇಳಿಸ್ತಾರೆ.

ಅಲ್ಲೇ ಎಡವೋದು. ಬ್ರಿಡ್ಜ್ ಇರೋದು ಆ ತುದೀಲಿ, ಮೊದಲನೇ ಫ್ರೆಟ್ ಇರೋದು ಈ ತುದೀಲಿ. ಆ ಕಡೆ ಎಷ್ಟು ಇಳಿಸಿದ್ರೂ ಈ ಕಡೆ ಬದಲಾವಣೆ ಕೂದಲೆಳೆಯಷ್ಟು. ಮೇಲಿನ ಫ್ರೆಟ್‌ಗಳು ಗುರ್ರ್ ಅನ್ನೋಕೆ ಶುರು ಮಾಡ್ತವೆ, ಎಫ್ ಮಾತ್ರ ಹಾಗೇ ಕಲ್ಲು. ಇಲ್ಲಿ ಎತ್ತರ ತೀರ್ಮಾನ ಮಾಡೋದು ನಟ್, ತಲೆ ಹತ್ರ ತಂತಿ ಕೂರೋ ಬಿಳಿ ಪಟ್ಟಿ. ಅದರ ಕಚ್ಚು ಎತ್ತರ ಇದ್ರೆ ಭೀಮ ಬಂದ್ರೂ ಎಫ್ ಸಲೀಸಾಗಿ ಹಿಡಿಯೋಕಾಗಲ್ಲ.

ಪರೀಕ್ಷೆ ಸುಲಭ. ಈಗಲೇ ಫೋನ್ ಕೆಳಗಿಟ್ಟು ಮಾಡಿ ನೋಡು. ಒಂದು ತಂತಿಯನ್ನ 3ನೇ ಫ್ರೆಟ್‌ನಲ್ಲಿ ಒತ್ತಿ ಹಿಡಿ. ಮೊದಲನೇ ಫ್ರೆಟ್ ಮೇಲೆ ತಂತಿಗೂ ಫ್ರೆಟ್‌ಗೂ ನಡುವೆ ಕಾಣೋ ಸಂದು ಎಷ್ಟಿದೆ? ಕೂದಲಷ್ಟೇ ಇದ್ದು, ಮೇಲಿಂದ ತಟ್ಟಿದ್ರೆ ಟಿಕ್ ಅಂದ್ರೆ ನಟ್ ಸರಿ ಇದೆ. ಸಂದು ಕಣ್ಣಿಗೆ ಎದ್ದು ಕಾಣ್ತಿದ್ರೆ ನಟ್ ಎತ್ತರ. ಸಂದೇ ಇಲ್ಲ ಅಂದ್ರೆ ಕಚ್ಚು ಆಳ ಆಗಿದೆ, ಬರೀ ತಂತಿ ಮೀಟಿದಾಗ ಗುರ್ರ್ ಅನ್ನುತ್ತೆ. ಆರೂ ತಂತಿಗೂ ಮಾಡು.

ಇನ್ನೊಂದು ಸಾಕ್ಷಿ ಇದೆ. 5ನೇ ಫ್ರೆಟ್‌ನಲ್ಲಿ ಅದೇ ಬಾರ್ ಆಕಾರ ಹಿಡಿದ್ರೆ ಸಲೀಸಾಗಿ ಬಂದು, ಮೊದಲನೇ ಫ್ರೆಟ್‌ನಲ್ಲಿ ಮಾತ್ರ ಸಾಯ್ತಿದ್ರೆ ಮೊದಲ ಅನುಮಾನ ನಟ್ ಮೇಲೆ ಹೋಗ್ಲಿ. ಅವಳಿಗೆ 5ರಲ್ಲಿ ಬರ್ತಿತ್ತು! ಬೆರಳು ಚಿಕ್ಕದಾಗಿದ್ರೆ ಅಲ್ಲಿ ಹೇಗೆ ಬರ್ತಿತ್ತು ಅಂತ ನಮ್ಮಲ್ಲಿ ಒಬ್ಬನೂ ಕೇಳ್ಲಿಲ್ಲ.

ನಟ್ ಕಚ್ಚನ್ನ ಹ್ಯಾಕ್ಸಾ ಬ್ಲೇಡ್‌ನಲ್ಲಿ ಕೊರೆಯೋ ಶೂರರಿಗೆ ನಮಸ್ಕಾರ. ಮಾಡ್ಬೇಡಿ. ತಂತಿ ದಪ್ಪಕ್ಕೆ ತಕ್ಕ ಸಣ್ಣ ಅರಗಳು ಬೇರೆ ಇರ್ತವೆ. ಒಂದು ಉಜ್ಜು ಜಾಸ್ತಿ ಆದ್ರೆ ಮುಗೀತು, ತೆಗೆದಿದ್ದನ್ನ ವಾಪಸ್ ಇಡೋಕಾಗಲ್ಲ. ಉಳಿದಿದ್ದೆಲ್ಲಾ ಸ್ಕ್ರೂ, ತಿರುಗಿಸಿದ್ದನ್ನ ವಾಪಸ್ ತಿರುಗಿಸಬಹುದು. ಅದಕ್ಕೇ ಈ ಒಂದು ಕೆಲಸಕ್ಕೆ ಟ್ರೈನ್ ಹತ್ತಿ ಬೆಂಗಳೂರಿಗೆ ಹೋದೆ. ರಿಪೇರಿ ಮಾಡೋರು 600 ತಗೊಂಡ್ರು, ಅರ್ಧ ಗಂಟೇಲಿ ಆಯ್ತು. ಅವಳ ಏಳು ತಿಂಗಳು, ಅರ್ಧ ಗಂಟೆ, 600 ರೂಪಾಯಿ. ಈ ಮೂರು ಅಂಕಿಗಳನ್ನ ಪಕ್ಕಪಕ್ಕದಲ್ಲಿ ಬರೆದು ನೋಡಿ, ಹೊಟ್ಟೆ ಉರಿಯುತ್ತೆ.

ಪೋಸ್ಟ್ 8

ಈಗ ಬ್ರಿಡ್ಜ್. ಕೊನೇಲಿ ಮಾಡ್ಬೇಕಾದ್ದನ್ನ ಎಲ್ಲರೂ ಮೊದಲು ಮಾಡ್ತಾರೆ.

ಲೆಕ್ಕ ಒಂದು ನೆನಪಿರಲಿ. 12ನೇ ಫ್ರೆಟ್ ಇರೋದು ತಂತಿಯ ನಡುಮಧ್ಯ. ಹಾಗಾಗಿ ಸ್ಯಾಡಲ್ 1 ಮಿಮೀ ಇಳಿಸಿದ್ರೆ 12ನೇ ಫ್ರೆಟ್ ಹತ್ರ ಇಳಿಯೋದು ಸುಮಾರು ಅರ್ಧ. ನಾನು ಅವಳ ಗಿಟಾರನ್ನ ದಪ್ಪ ತಂತಿ 1.9, ತೆಳು ತಂತಿ 1.5ಕ್ಕೆ ತಂದು ನಿಲ್ಲಿಸಿದೆ. ನಡುವಿನ ನಾಲ್ಕು ತಂತಿ ಫ್ರೆಟ್‌ಬೋರ್ಡಿನ ಬಾಗಿಗೆ ತಕ್ಕ ಹಾಗೆ. ಇನ್ನೂ ಇಳಿಸಬಹುದಿತ್ತು. ಅವಳು ಜೋರಾಗಿ ಸ್ಟ್ರಮ್ ಮಾಡೋಳು, ಅದಕ್ಕೇ ಇಳಿಸ್ಲಿಲ್ಲ. ನಿನ್ನ ಕೈಗೆ ಬೇರೆ ನಂಬರ್ ಬರುತ್ತೆ. ಸ್ವಲ್ಪಸ್ವಲ್ಪ ಇಳಿಸ್ತಾ ಹೋಗು, ಗುರ್ರ್ ಅಂದಲ್ಲಿ ನಿಲ್ಲಿಸಿ ಒಂದು ಚೂರು ಮೇಲೆತ್ತು. ಪ್ರತಿ ತಂತಿ, ಪ್ರತಿ ಫ್ರೆಟ್ ನುಡಿಸಿ ನೋಡು, 12ರಿಂದ 15ರವರೆಗೆ ಬೆಂಡ್ ಮಾಡಿ ನೋಡು. ಬರೀ ಗಿಟಾರ್‌ನಲ್ಲಿ ಸಣ್ಣಗೆ ಗುರ್ರ್ ಅಂದ್ರೂ ಆಂಪ್‌ನಲ್ಲಿ ಕೇಳಿಸ್ದಿದ್ರೆ ತಲೆ ಕೆಡಿಸ್ಕೋಬೇಡ.

ತಂತಿ ಕೆಳಗೆ ಬಂತು ಅಂದ್ರೆ ಪಿಕಪ್‌ಗೆ ಹತ್ರ ಆಯ್ತು ಅಂತ. ಸಿಂಗಲ್ ಕಾಯಿಲ್ ಪಿಕಪ್‌ನ ಅಯಸ್ಕಾಂತ ತಂತಿಯನ್ನ ಎಳೆದು ಸ್ವರ ನಡುಗಿಸುತ್ತೆ, ಆಗ ಪಿಕಪ್‌ನೂ ಎರಡು ಸ್ಕ್ರೂ ಇಳಿಸ್ಬೇಕು. ಆಮೇಲೆ ಇಂಟೋನೇಷನ್. 12ನೇ ಫ್ರೆಟ್ ಮೇಲೆ ಬೆರಳು ಸೋಕಿಸಿ ಬರೋ ಹಾರ್ಮೋನಿಕ್ಕೂ, ಅದೇ ಫ್ರೆಟ್ ಒತ್ತಿದಾಗ ಬರೋ ಸ್ವರಕ್ಕೂ ಟ್ಯೂನರ್‌ನಲ್ಲಿ ಹೋಲಿಸು. ಒತ್ತಿದ ಸ್ವರ ಏರಿದ್ರೆ ಸ್ಯಾಡಲ್ ಹಿಂದಕ್ಕೆ, ಇಳಿದಿದ್ರೆ ಮುಂದಕ್ಕೆ. ಅಷ್ಟೇ.

ಪೋಸ್ಟ್ 9

ಬಂದ ಕಾಮೆಂಟ್‌ಗಳಿಗೆ.

"ಆಕ್ಷನ್ ಇಳಿಸಿದ್ರೆ ಟೋನ್ ಹೋಗುತ್ತೆ." ಫ್ರೆಟ್‌ಗೆ ಬಡಿಯೋವರೆಗೂ ಇಳಿಸಿದ್ರೆ ಹೋಗುತ್ತೆ. 3.2ರಿಂದ 1.9ಕ್ಕೆ ಬಂದ್ರೆ ಏನೂ ಹೋಗಲ್ಲ. ಸ್ವರವೇ ಬಾರದ ಎಫ್‌ಗಿಂತ ಕೆಟ್ಟ ಟೋನ್ ಯಾವುದಿದೆ?

"ಎತ್ತರದ ಆಕ್ಷನ್ ಇಟ್ಕೊಂಡೇ ನುಡಿಸೋರು ಇದಾರಲ್ಲ?" ಇದಾರೆ. ವಿಶ್ವಮೋಹನ ಭಟ್ಟರ ಥರ ಸ್ಲೈಡ್ ನುಡಿಸೋರಿಗೆ ತಂತಿ ಎತ್ತರವೇ ಇರ್ಬೇಕು, ಮೇಲೆ ಉಕ್ಕಿನ ಸರಳು ಜಾರಬೇಕಲ್ಲ. ಅಲ್ಲಿ ಅದು ಬೇಕಂತಲೇ ಇಟ್ಟ ಎತ್ತರ.

"ಇದೆಲ್ಲಾ ಫಾರಿನ್ ಶೋಕಿ, ನಮ್ಮ ವಾದ್ಯಗಳಲ್ಲಿ ಇಲ್ಲ." ಇದನ್ನ ಬರೆದ ಅಣ್ಣಂಗೆ ಕೈ ಮುಗಿದು ಹೇಳ್ತೀನಿ. ವೀಣೆಯ ಮೆಟ್ಟಿಲುಗಳನ್ನ ಮೇಣದ ಮೇಲೆ ಕೂರಿಸಿರ್ತಾರೆ. ಮೇಣ ಕದಲಿದ್ರೆ ಬಿಚ್ಚಿ ಮತ್ತೆ ಕೂರಿಸ್ತಾರೆ, ಒಂದೊಂದು ಮೆಟ್ಟಿಲನ್ನೂ ಕಿವಿಗೊಟ್ಟು. ದೊಡ್ಡಬಳ್ಳಾಪುರದ ಹತ್ರ ಸಿಂಪಾಡಿಪುರ ಅನ್ನೋ ಊರಲ್ಲಿ ವೀಣೆ ಮಾಡೋರಿದಾರೆ, ಹೋಗಿ ನೋಡಿ. ತಂಬೂರಿಯ ಕುದುರೆ ಮೇಲೆ ತಂತಿ ಕೆಳಗೆ ಒಂದು ದಾರದ ಎಳೆ ಇಡ್ತಾರೆ. ಅದು ಕೂದಲಷ್ಟು ಸರಿದ್ರೂ ನಾದ ಬದಲಾಗುತ್ತೆ. ಗಿಟಾರ್‌ನಲ್ಲಿ ಬೇಡ ಅನ್ನೋ ಗುಂಯ್ ಸದ್ದನ್ನ ತಂಬೂರೀಲಿ ಬೇಕು ಅಂತ ಹುಡುಕಿ ಹುಡುಕಿ ತರ್ತಾರೆ. ಕೂದಲೆಳೆಯ ಲೆಕ್ಕ ನಮ್ಮೋರಿಗೆ ಯಾವಾಗ್ಲೂ ಗೊತ್ತಿತ್ತು. ಅಂಗಡಿಯಿಂದ ತಂದ ಗಿಟಾರ್ ಮುಂದೆ ಮಾತ್ರ ಯಾಕೋ ಮರೆತುಹೋಗುತ್ತೆ.

"ಬ್ರೋ, ನೀನು ಕಲಿತಿದ್ದು ಎಲ್ಲಿ?" ಮೂರು ತಿಂಗಳು ಓದಿ, ಎರಡು ಸ್ಕ್ರೂ ತಲೆ ಸವೆಸಿ.

ಪೋಸ್ಟ್ 10

ಇದನ್ನೆಲ್ಲಾ ಅವಳು ಮೊದಲು ಓದಿ, ಎರಡು ಕಡೆ ತಿದ್ದಿ, "ಹಾಕು" ಅಂದ್ಮೇಲೆ ಹಾಕ್ತಿದೀನಿ. ಹೆಸರು ಬೇಡ ಅಂದಿದಾಳೆ.

ಗಿಟಾರ್ ಸರಿ ಆದ ಮಾರನೇ ದಿನ ಕಾಲೇಜಿಗೆ ತಗೊಂಡು ಹೋದೆ. ಚಾಂಪಿಯನ್ ಸ್ಟೇಷನ್ನಲ್ಲಿ ಹತ್ತಿ ಬಂಗಾರಪೇಟೇಲಿ ಇಳಿಯೋವರೆಗೂ ಏನ್ ಹೇಳೋದು ಅಂತ ಯೋಚನೆ. ಕ್ಲಾಸ್ ಮುಗಿದ ಮೇಲೆ ಪಾನಿಪುರಿ ಗಾಡಿ ಹತ್ರ ನಿಂತಿದ್ವಿ. ಏನೂ ಹೇಳ್ದೆ ಬ್ಯಾಗ್ ಕೊಟ್ಟೆ. "ಮಾರಿದ ಮೇಲೆ ಇನ್ನೇನು, ವಾಪಸ್ ಕೊಡ್ತೀಯ?" ಅಂತ ನಕ್ಕಳು. ಅಲ್ಲೇ ಕಟ್ಟೆ ಮೇಲೆ ಕೂತು, ಆಂಪ್ ಇಲ್ದೆ, ಸುಮ್ನೆ ಎಫ್ ಹಿಡಿದಳು. ಆರೂ ತಂತಿ ಕೇಳಿಸ್ತು. ಮತ್ತೆ ಹಿಡಿದಳು. ಆಮೇಲೆ ನನ್ನ ಕಡೆ ನೋಡಿ, "ಏನ್ ಮಾಡ್ದೆ ಇದಕ್ಕೆ?" ಅಂದ್ಳು. ಹೇಳಿದೆ. ಅವಳಿಗೆ ಖುಷಿ ಆಗುತ್ತೆ ಅಂದ್ಕೊಂಡಿದ್ದೆ. ಸಿಟ್ಟು ಬಂತು. ನನ್ನ ಮೇಲಲ್ಲ, ಎಲ್ಲರ ಮೇಲೂ. "ಏಳು ತಿಂಗಳು ನನ್ನ ಕೈನೇ ಬೈಕೊಂಡೆ ಕಣೋ" ಅಂದ್ಳು. ಪಾನಿಪುರಿ ತಣ್ಣಗೆ ಹಾಗೇ ಇತ್ತು.

ಗಿಟಾರ್ ಈಗ ಅವಳ ಮನೇಲಿದೆ. ನಂಗೆ ಬರ್ಬೇಕಾದ್ದು ಕೊಂಡ 4,000, ನಟ್ಟಿನ 600. ಅದರಲ್ಲಿ 1,500 ಬಂದಿದೆ, ಮಿಕ್ಕಿದ್ದು ಟ್ಯೂಷನ್ ಫೀಸ್ ಬಂದ ಹಾಗೆ. ನನ್ನ ಲಾಭ ಸೊನ್ನೆ, ಆಡಿಟ್ ಮಾಡ್ಬಹುದು.

ಮುಂದಿನ ಭಾನುವಾರ ಬೆಳಿಗ್ಗೆ ನಮ್ಮ ಮನೆ ಜಗಲೀಲಿ ಕೂತಿರ್ತೀವಿ. ಕೆಜಿಎಫ್, ಬಂಗಾರಪೇಟೆ ಕಡೆಯೋರು ಯಾರಾದ್ರೂ ಸರಿ, ಮೂಲೇಲಿ ಧೂಳು ತಿಂತಿರೋ ಗಿಟಾರ್ ಇದ್ರೆ ತನ್ನಿ, ಅಳೆಯೋಣ. ವಿಳಾಸಕ್ಕೆ ಡಿಎಂ ಮಾಡಿ. ತಂತಿ ನಿಮ್ದು, ಅಲನ್ ಕೀ ನಂದು. ನಟ್ ಮುಟ್ಟಲ್ಲ, ಅದನ್ನ ಮೊದ್ಲೇ ಹೇಳಿರ್ತೀನಿ. ಫೀಲರ್ ಗೇಜ್ ತಾತಂದು, ಅವರು ಪಕ್ಕದಲ್ಲೇ ಕುರ್ಚಿ ಹಾಕ್ಕೊಂಡು ಕೂತಿರ್ತಾರೆ. ಬಳಸಿ ಒರೆಸಿ, ಎಣ್ಣೆ ಹಚ್ಚಿ ವಾಪಸ್ ಕೊಡ್ಬೇಕು, ಇಲ್ಲಾಂದ್ರೆ ಬೈತಾರೆ.